ಕವುಚಿ ಹಿಡಿದ ಸ್ಕ್ರೀನು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರೂ ತಾಲೂಕಲ್ಲಿ ಕೋವಿ ಲೈಸೆನ್ಸ್ ಇರೋರನ್ನೆಲ್ಲ ಸಾಲಾಗಿ ಮಲಗ್ಸಿ, ಮುನ್ನೂರು ಮೀಟರ್ ಆಚೆ ಒಂದು ಕರಿ ಬೊಟ್ಟು ಇಟ್ಟು ಹೊಡೀರಿ ಅಂದ್ರೆ, ಮೊದಲನೇ ಸ್ಥಾನ ನನ್ನದು. ಎರಡನೇದು ಮುತ್ತಿನಕೊಪ್ಪದ ನನ್ನ ಗೆಳೆಯಂದು. ನಾನೇ ಹೇಳ್ತಿರೋದ್ರಿಂದ ಇದರಲ್ಲಿ ಸ್ವಲ್ಪ ಕಳ್ದು ತಗೊಳ್ಳಿ. ಅವನನ್ನ ಕೇಳಿದ್ರೆ ಸ್ಥಾನ ಅದಲು ಬದಲು ಮಾಡಿ ಹೇಳ್ತಾನೆ, ಅದನ್ನ ಪೂರ್ತಿ ಕಳ್ದುಬಿಡಿ.

ನನ್ನ ಗುರಿ ಬಗ್ಗೆ ಹೇಳಕ್ಕೆ ಕೂತ್ರೆ ಇವತ್ತಿಗೆ ಮುಗಿಯಲ್ಲ. ಅದಿರ್ಲಿ. ಈಗ ಹೇಳ್ತಿರೋದು ಆ ಗೆಳೆಯ ಇನ್ನು ಕೋವಿ ಇಟ್ಕೊಬೇಕಾ, ಬಿಡಬೇಕಾ ಅನ್ನೋದು ತೀರ್ಮಾನ ಆದ ದಿನದ ವಿಷಯ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಅವನ ಬಲಗೈ ನಡುಗಕ್ಕೆ ಶುರುವಾಗಿತ್ತು. ಶಿವಮೊಗ್ಗದ ಡಾಕ್ಟರು ಗುಳಿಗೆ ಕೊಟ್ರು. ಗುಳಿಗೆ ನುಂಗಿದ್ರೆ ಸ್ವಲ್ಪ ಹೊತ್ತು ಕೈ ಸುಮ್ನಿರುತ್ತೆ, ಆಮೇಲೆ ಮತ್ತೆ ತನ್ನ ಪಾಡಿಗೆ ತಾನು ಶುರು ಹಚ್ಕೊಳ್ಳುತ್ತೆ. ಕೈ ನಡುಗೋನು ತುಂಬಿದ ಕೋವಿ ಹಿಡೀಬಹುದಾ? ಇದನ್ನ ಅವನ ಮನೆಯೋರು ಬಾಯಿಬಿಟ್ಟು ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಆದ್ರೆ ನವರಾತ್ರಿ ಹತ್ರ ಬರ್ತಿತ್ತು. ನವರಾತ್ರಿ ಬಂದ್ರೆ ಕೇಳದೆ ವಿಧಿ ಇಲ್ಲ.

ಯಾಕೆ ಅಂತ ಹೇಳ್ತೀನಿ.

ಬಸರೀಕಟ್ಟೆ ಹತ್ರ ಒಂದು ಕಾಫಿ ಎಸ್ಟೇಟಿನ ಮೂಲೇಲಿ, ರಸ್ತೆಗೆ ಮಣ್ಣು ತೆಗೆದು ಅರ್ಧ ಬೋಳಾಗಿರೋ ಗುಡ್ಡ ಇದೆ. ಗುಡ್ಡದ ಬುಡದಲ್ಲಿ ಹಲಗೆ ನಿಲ್ಸಿ ಒಬ್ಬೊಬ್ಬರಿಗೂ ಹೊಸ ಕಾಗದ ಅಂಟಿಸ್ತೀವಿ. ಕಾಗದದ ಮಧ್ಯ ಊಟದ ತಟ್ಟೆಯಷ್ಟು ದೊಡ್ಡ ಕರಿ ಬೊಟ್ಟು. ಹಲಗೆಗೂ ನಮಗೂ ಮಧ್ಯ ಒಂದು ತಗ್ಗು, ತಗ್ಗಲ್ಲಿ ಹಳ್ಳ, ಹಳ್ಳದ ಈಚೆ ದಿಬ್ಬದ ಮೇಲೆ ನಾವು ಮಲಗೋದು. ಸ್ಟೇಷನ್ನಿಗೆ ತಿಳ್ಸಿ, ಒಪ್ಪಿಗೆ ತಗೊಂಡು, ವರ್ಷಕ್ಕೆ ಕೆಲವು ಭಾನುವಾರ ಅಲ್ಲಿ ಸೇರ್ತೀವಿ. ಮೂರೂ ತಾಲೂಕಿಂದ ಬರ್ತಾರೆ. ಶೃಂಗೇರಿಯಲ್ಲಿ ಲಾಡ್ಜ್ ನಡ್ಸೋರು, ಎನ್.ಆರ್.ಪುರದ ಅಡಿಕೆ ವ್ಯಾಪಾರದವರು, ನಮ್ಮಂಥ ತೋಟದವರು. ಎಲ್ಲರದ್ದೂ ಬೆಳೆ ಕಾಯಕ್ಕೆ ಅಂತ ಕೊಟ್ಟ ಲೈಸೆನ್ಸು.

ಬಹಳ ಹಿಂದೆ ಹಂದಿ ಓಡ್ಸಕ್ಕೆ ಅಂತ ಹೊಡೆದ ಒಂದು ಗುಂಡು ಏಲಕ್ಕಿ ಗಿಡದ ಹಿಂದೆ ಕೂತಿದ್ದ ಆಳಿನ ತೊಡೆಗೆ ಹೊಕ್ಕಿತ್ತು. ಹೊಡೆದವನು ನನ್ನ ಗೆಳೆಯನ ಚಿಕ್ಕಪ್ಪ. ಮರದ ತುದಿಗೆ ಹೊಡ್ದೆ ಅಂತ ದೇವರ ಮುಂದೆ ನಿಂತು ಆಣೆ ಮಾಡಿದ. ಸುಳ್ಳು ಹೇಳ್ತಿರ್ಲಿಲ್ಲ ಅವನು. ಅವನಿಗೆ ಹಾಗೇ ಅನ್ನಿಸಿತ್ತು. ಆ ಆಳು ಬದುಕಿದ, ಆದ್ರೆ ಕುಂಟ್ಕೊಂಡೇ ಬದುಕಿದ. ಅದಾದ ಮೇಲೆ ನಮ್ಮ ಹಿರಿಯರು ಎರಡು ಕಟ್ಟುಪಾಡು ಮಾಡಿದ್ರು. ಒಂದು, ನವರಾತ್ರಿಗೆ ಮುಂಚಿನ ಭಾನುವಾರ ಪ್ರತಿಯೊಬ್ಬನೂ ಮೂರು ಗುಂಡು ಹೊಡೀಬೇಕು. ಎರಡಾದ್ರೂ ಬೊಟ್ಟಿನ ಒಳಗೆ ಬೀಳ್ಬೇಕು. ಬೀಳದಿದ್ರೆ ಅವನ ಕೋವಿ ಆಯುಧಪೂಜೆಗೆ ಕೂರಂಗಿಲ್ಲ, ಅಂದ್ರೆ ಆಮೇಲೆ ಮನೇಲೂ ಇರಂಗಿಲ್ಲ. ಇನ್ನೊಂದು, ಗುಂಡು ಹೊಡೆದ ತಕ್ಷಣ, ಯಾರೂ ಏನೂ ತೋರ್ಸೋ ಮೊದಲು, ಅದು ಎಲ್ಲಿ ಬಿತ್ತು ಅಂತ ಹೊಡೆದವನೇ ಗಟ್ಟಿಯಾಗಿ ಹೇಳ್ಬೇಕು. ಮಧ್ಯ, ಎಡಕ್ಕೆ, ಮೇಲೆ, ಹೊರಗೆ, ಹೀಗೆ. ಇದಕ್ಕೆ ಜಾಗ ಹೇಳೋದು ಅಂತಿದ್ವಿ.

ಬರ್ತಾ ಬರ್ತಾ ಮೊದಲನೇದು ಉಳೀತು. ಎರಡನೇದು ತಮಾಷೆ ಆಯ್ತು. ತಮಾಷೆ ಮಾಡಿದ್ದು ಯಾರು ಅಂತ ಕೇಳ್ಬೇಡಿ. "ಎಲ್ಲಿ ಬಿತ್ತು?" ಅಂದ್ರೆ ನಾನು "ಬೊಟ್ಟಿನ ಮೂಗಿನ ತುದಿಗೆ" ಅಂತಿದ್ದೆ. "ಶೃಂಗೇರಿ ಬಸ್ಸಿನ ಹಿಂದಿನ ಸೀಟಿಗೆ" ಅಂತಿದ್ದೆ. ಬಿದ್ದಿರ್ತಿದ್ದುದು ಮಾತ್ರ ನಡುಮಧ್ಯ.

ಮುನ್ನೂರು ಮೀಟರಿಂದ ಕೋವಿ ಮೇಲಿನ ದುರ್ಬೀನಲ್ಲಿ ಬೊಟ್ಟು ಕಾಣುತ್ತೆ, ತೂತು ಕಾಣಲ್ಲ. ಅದಕ್ಕೆ ಹಲಗೆ ಮುಂದೆ ಆಳುದ್ದ ಒಂದು ಗುಂಡಿ ತೋಡಿ ಕಲ್ಲು ಕಟ್ಟಿದ್ವಿ. ಒಬ್ಬ ಅದರೊಳಗೆ ಕೂತು, ಬಿದಿರು ಕೋಲಿನ ತುದಿಗೆ ಅಡಿಕೆ ಹಾಳೆ ಸಿಕ್ಕಿಸ್ಕೊಂಡು, ಗುಂಡು ಬಿದ್ದ ಜಾಗಕ್ಕೆ ಹಾಳೆ ಹಿಡೀಬೇಕು. ಬೊಟ್ಟಿಗೆ ತಾಗದಿದ್ರೆ ಆಚೆ ಈಚೆ ಬೀಸ್ಬೇಕು. ಆ ಗುಂಡಿಯಲ್ಲಿ ನನ್ನಷ್ಟು ಕೂತೋನು ಇನ್ನೊಬ್ಬ ಇಲ್ಲ. ಅಲ್ಲಿ ಕೂತೋನ ಕೈಲಿ ಎಷ್ಟು ಜನರ ಮರ್ಯಾದೆ ಇರುತ್ತೆ ಅಂತ ಗೊತ್ತಾಗಿದ್ದೂ ನನಗೊಬ್ಬನಿಗೇ. ಒಂದು ಸಲ ಮುತ್ತಿನಕೊಪ್ಪದವನು ಮೂರಕ್ಕೆ ಮೂರೂ ಮಧ್ಯಕ್ಕೆ ಹೊಡೆದಿದ್ದ. ನಾನು ಮೂರು ಸಲವೂ ಹಾಳೆ ಬೀಸ್ದೆ. ಅವನು ದುರ್ಬೀನು ಒರೆಸ್ದ, ಗುಂಡಿನ ತೋಟಾ ಮಾರಿದ ಅಂಗಡಿಯವನಿಗೆ ಬೈದ, ಬೆಳಗ್ಗೆ ತಿಂದ ಕಡುಬಿಗೆ ಬೈದ, ಕೊನೆಗೆ ಹಳ್ಳ ದಾಟಿ ಬಂದು ನೋಡ್ದ. ಅದೇ ಹಾಳೆ ಕೋಲು ಹಿಡ್ಕೊಂಡು ಎಸ್ಟೇಟಿನ ಗೇಟಿನವರೆಗೂ ನನ್ನನ್ನ ಅಟ್ಟಿಸ್ಕೊಂಡು ಬಂದಿದ್ದ. ಇನ್ನೊಂದು ಸಲ ಶೃಂಗೇರಿಯ ಲಾಡ್ಜಿನವರಿಗೆ, ಪಾಪ, ಗುಡ್ಡ ಒಂದು ಬಿಟ್ಟು ಇನ್ನೇನಕ್ಕೂ ಗುರಿ ತಾಗ್ತಿರ್ಲಿಲ್ಲ, ಬೊಟ್ಟಿನ ಒಳಗೆ ಪೆನ್ಸಿಲಲ್ಲಿ ಮೂರು ತೂತು ಕೊರೆದು ಕೊಟ್ಟಿದ್ದೆ. ಮನುಷ್ಯ ಆ ಕಾಗದಕ್ಕೆ ಫ್ರೇಮ್ ಹಾಕ್ಸಿ ಲಾಡ್ಜಿನ ಕೌಂಟರ್ ಮೇಲೆ ನೇತು ಹಾಕಿದಾರೆ. ಈಗ್ಲೂ ಇದೆ. ಯಾತ್ರೆಗೆ ಬಂದೋರು ಅದರ ಮುಂದೆ ನಿಂತು ಫೋಟೋ ತೆಗೆಸ್ಕೊತಾರೆ.

ಇಂಥದ್ದೆಲ್ಲ ನೆನೆಸ್ಕೊಂಡು ನಗ್ತಾನೇ ನಾನು ಈ ವರ್ಷ ಶ್ರಾವಣ ಕಳೆದ ಮೇಲೆ ಮುತ್ತಿನಕೊಪ್ಪಕ್ಕೆ ಹೋಗಿದ್ದು. ಗೆಳೆಯ ಜಗುಲಿ ಮೇಲೆ ಕೂತಿದ್ದ. ಹಣೆ ತುಂಬ ವಿಭೂತಿ, ಮಡಿಲಲ್ಲಿ ಕೈ. ಕಾಫಿ ಬಂತು. ಅವನ ಲೋಟಕ್ಕೆ ಅರ್ಧ ಮಾತ್ರ ಹಾಕಿದ್ರು. ಅದು ಯಾಕೆ ಅಂತ ಕೇಳೋ ಹಂಗಿರ್ಲಿಲ್ಲ.

"ಈ ಸಲ ನೀನು ಗುಂಡಿಗೆ ಇಳಿಯೋದು ಬೇಡ ಮಾರಾಯ" ಅಂದ.

"ಎಂತಕ್ಕೆ? ಮಂಡಿ ನನ್ನದು, ನೋವು ನನ್ನದು, ಚಿಂತೆ ನಿನ್ನದಾ?"

"ಮಂಡಿ ವಿಷಯ ಅಲ್ಲ. ನಿನ್ನ ಹಾಳೆ ನಂಬಕ್ಕಾಗಲ್ಲ."

"ಇಷ್ಟು ವರ್ಷ ನಂಬಿದ್ಯಲ್ಲ!"

"ಎಲ್ಲಿ ನಂಬಿದ್ದೆ? ಪ್ರತೀ ಸಲ ಹಳ್ಳ ದಾಟಿ ಬಂದು ನೋಡ್ತಿದ್ದೆ." ಅವನು ಲೋಟನ ಎರಡೂ ಕೈಲಿ ಹಿಡ್ಕೊಂಡು ಒಂದು ಗುಟುಕು ಕುಡ್ದ. "ಮೊದಲು ನೀನು ನಗ್ಸಕ್ಕೆ ಸುಳ್ಳು ತೋರಿಸ್ತಿದ್ದೆ. ಈಗ ನನ್ನ ಕೈ ನೋಡಿ ಸುಳ್ಳು ತೋರಿಸ್ತೀಯ. ಮೊದಲಿನದ್ದು ಪರವಾಗಿಲ್ಲ. ಇದು ನಂಗೆ ಬೇಡ."

ಅವನು ಹೇಳಿದ್ದು ಸರಿ. ದಾರಿಯುದ್ದಕ್ಕೂ ಬಸ್ಸಲ್ಲಿ ಕೂತು ನಾನು ಅದನ್ನೇ ಲೆಕ್ಕ ಹಾಕ್ತಾ ಬಂದಿದ್ದೆ. ಅವನ ಗುಂಡು ಎಲ್ಲಿಗೆ ಬೀಳ್ಲಿ, ಹಾಳೆ ಬೊಟ್ಟಿನ ಮೇಲೇ ಹಿಡಿಯೋದು ಅಂತ. ಜೇಬಲ್ಲಿ ಪೆನ್ಸಿಲ್ಲೂ ಇತ್ತು.

"ಮತ್ತೆ ಯಾರನ್ನ ಇಳಿಸ್ತೀಯ ಗುಂಡಿಗೆ?"

"ಕ್ಯಾಮೆರಾ" ಅಂದ.

ಅವನ ಮಗಳು ಬಾಳೆಹೊನ್ನೂರಲ್ಲಿ ಗೊಬ್ಬರದ ಅಂಗಡಿ ನಡೆಸ್ತಾಳೆ. ಫೋನು, ಸ್ಕ್ಯಾನರು, ಸೋಲಾರ್ ಬೇಲಿ, ಎಲ್ಲ ಅವಳಿಗೆ ನೀರು ಕುಡ್ದಷ್ಟು ಸುಲಭ. ಅಪ್ಪ ಕೇಳಿದ ಅಂತ ಅವಳೇ ತರಿಸಿದ್ದು. ಎರಡು ಡಬ್ಬಿ. ಒಂದು ಡಬ್ಬೀಲಿ ಕ್ಯಾಮೆರಾ, ಅದನ್ನ ಹಲಗೆ ಪಕ್ಕದಲ್ಲಿ, ಗುಂಡು ತಾಗದ ಹಾಗೆ ಓರೆಯಾಗಿ ಸ್ಟ್ಯಾಂಡ್ ಮೇಲೆ ಇಡೋದು. ಇನ್ನೊಂದು ಡಬ್ಬಿ ನಾವು ಮಲಗೋ ಜಾಗದಲ್ಲಿ. ಎರಡಕ್ಕೂ ಇಲಿ ಬಾಲದ ಹಾಗೆ ಆಂಟೆನಾ. ಮಧ್ಯ ತಂತಿ ಇಲ್ಲ, ಏನಿಲ್ಲ. ಚಿತ್ರ ಗಾಳೀಲಿ ಬಂದು ಅವಳ ಟ್ಯಾಬಿನ ಸ್ಕ್ರೀನ್ ಮೇಲೆ ಕೂರುತ್ತೆ.

ಭಾದ್ರಪದದ ಒಂದು ಭಾನುವಾರ ಅದನ್ನ ಪರೀಕ್ಷೆ ಮಾಡಕ್ಕೆ ಅಂತ ಮೂರೇ ಜನ ಹೋದ್ವಿ. ನಾನು, ಅವನು, ಮಗಳು. ಮೊದಲು ಚಿತ್ರವೇ ಬರ್ಲಿಲ್ಲ. ಮಧ್ಯ ಒಂದು ಹಲಸಿನ ಮರದ ಕೊಂಬೆ ಇತ್ತು, ಎಲೆ ಎಲ್ಲ ತೊಯ್ದಿತ್ತು. ಹಸಿ ಎಲೆ ಅಡ್ಡ ಬಂದ್ರೆ ಆ ಚಿತ್ರ ದಾಟಲ್ವಂತೆ.

"ಇದಕ್ಕಿಂತ ನಾನೇ ವಾಸಿ" ಅಂದೆ. "ಮಳೆ ಬಂದ್ರೂ ಹಾಳೆ ತೋರಿಸ್ತಿದ್ದೆ."

"ಮಾವ, ಅದು ಸುಳ್ಳು ಹೇಳಲ್ಲ. ಬರೀ ಹಠ ಮಾಡುತ್ತೆ" ಅಂದ್ಲು ಮಗಳು. ಅಪ್ಪನ ಬಾಯಿ ಅವಳಿಗೆ ಹಾಗೇ ಬಂದಿದೆ.

ಡಬ್ಬಿನ ಹತ್ತು ಹೆಜ್ಜೆ ಈಚೆ ಸರಿಸಿದ ಮೇಲೆ ಚಿತ್ರ ಬಂತು. ಗುಂಡು ಹಾರದಿರ್ಲಿ ಅಂತ ಕೋವಿಗಳ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟಿದ್ವಿ. ನಾನು ಹಲಗೆ ಹತ್ರ ಹೋಗಿ ಕ್ಯಾಮೆರಾಕ್ಕೆ ಮುಖ ಒಡ್ಡಿ ನಾಲಿಗೆ ಚಾಚ್ದೆ, ಕಣ್ಣು ಮೆಳ್ಳೆ ಮಾಡ್ದೆ, ಹುಬ್ಬು ಕುಣಿಸ್ದೆ. ವಾಪಸ್ ದಿಬ್ಬ ಹತ್ತಿ ಬಂದಾಗ ಅವರಿಬ್ಬರೂ ಹೊಟ್ಟೆ ಹಿಡ್ಕೊಂಡು ನಗ್ತಿರ್ತಾರೆ ಅಂದ್ಕೊಂಡಿದ್ದೆ. ಮಗಳು ನಗ್ತಿದ್ಲು. ಅವನು ನಗ್ತಿರ್ಲಿಲ್ಲ.

"ನಿಂಗೆ ವಯಸ್ಸಾಗಿದೆ ಮಾರಾಯ" ಅಂದ. "ಎದುರಿಗೆ ಕೂತಾಗ ಗೊತ್ತಾಗಲ್ಲ. ಅಷ್ಟು ದೂರ ಹೋದ ಮೇಲೆ ಗೊತ್ತಾಗುತ್ತೆ."

ಆಮೇಲೆ ನಾನು ಹೊಡ್ದೆ. ಹೊಡೆದು, "ನಡುಮಧ್ಯ, ಇನ್ನೇನು?" ಅಂದೆ. ಸ್ಕ್ರೀನಲ್ಲಿ ನೋಡಿದ್ರೆ ಮಧ್ಯ ಒಂದು ತೂತು, ಬಿಳೀ ಕಾಗದದ ಮೂಲೇಲಿ ಇನ್ನೊಂದು ತೂತು.

"ಒಂದು ಗುಂಡಿಗೆ ಎರಡು ತೂತು" ಅಂದ ಅವನು. "ಮೂರು ತಾಲೂಕಿಗೆ ಮೊದಲನೇ ಸ್ಥಾನ!"

ನಾನು ಕ್ಯಾಮೆರಾನ ಬೈಯಕ್ಕೆ ಬಾಯಿ ತೆಗೆಯೋ ಹೊತ್ತಿಗೆ ಎರಡನೇ ತೂತು ನಿಧಾನಕ್ಕೆ ಕಾಗದದ ಮೇಲೆ ನಡ್ಕೊಂಡು ಹೋಯ್ತು. ಕರೀ ಜೀರುಂಡೆ. ಬೊಟ್ಟಿನ ಅಂಚಿಗೆ ಬಂದು ಸ್ವಲ್ಪ ಯೋಚನೆ ಮಾಡಿ ಒಳಗೆ ಹೋಗಿ ಕಾಣೆ ಆಯ್ತು. ಕರಿ ಮೇಲೆ ಕರಿ. ಅವತ್ತು ಅವನು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ದು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಅಂತ ಮಗಳು ಆಮೇಲೆ ನನಗೆ ಹೇಳಿದ್ಲು.

ಅವನು ಅವತ್ತು ಹೊಡೀಲಿಲ್ಲ. ನನ್ನ ಪಕ್ಕದಲ್ಲಿ ಕೂತು ನೋಡ್ತಾ ಇದ್ದ. ನಾನು ಮತ್ತೆರಡು ಹೊಡ್ದೆ. ಜಾಗ ಹೇಳಕ್ಕೆ ಹೋಗ್ಲಿಲ್ಲ. ಹೇಳಕ್ಕೆ ಪುರುಸೊತ್ತೇ ಇಲ್ಲ ಮಾರಾಯ್ರೇ. ಹಾಳೆ ಕಾಲದಲ್ಲಿ ಗುಂಡು ಹೊಡೆದು, ಗುಂಡಿಯೋನು ತಲೆ ಎತ್ತಿ ನೋಡಿ, ಕೋಲು ತಿರುಗ್ಸಿ ತೋರ್ಸೋ ತನಕ ಒಂದು ನಿಮಿಷ ಖಾಲಿ ಸಿಗ್ತಿತ್ತು. ಆ ಖಾಲೀಲಿ ಹೇಳ್ತಿದ್ವಿ. ಈಗ ಸದ್ದು ಗುಡ್ಡಕ್ಕೆ ತಾಗಿ ವಾಪಸ್ ಬರೋ ಹೊತ್ತಿಗೆ ತೂತು ಕಣ್ಣ ಮುಂದೆ ಇರುತ್ತೆ.

ಅವನು ಅದನ್ನ ಗಮನಿಸಿದ. ಮಗಳಿಗೆ ಹೇಳಿದ: "ನಾನು ಹೊಡ್ಯೋ ದಿನ ಅದನ್ನ ಕವುಚಿ ಹಿಡ್ಕೋ ಮಗ. ನಾನು ಜಾಗ ಹೇಳಿದ ಮೇಲೆ ತಿರುಗ್ಸು. ಅಲ್ಲಿವರೆಗೆ ನೀನೂ ನೋಡ್ಬೇಡ."

"ಅದೆಂತಕ್ಕೆ ಈ ಹೊಸ ನಾಟಕ?" ಅಂದೆ ನಾನು.

"ಹೊಸದಲ್ಲ. ನೀನು ಹಾಳು ಮಾಡಿದ್ದು" ಅಂದ.

ನವರಾತ್ರಿಗೆ ಮುಂಚಿನ ಭಾನುವಾರ ಬೆಳಗ್ಗೆ ಹದವಾದ ಬಿಸಿಲಿತ್ತು. ಮೂರೂ ತಾಲೂಕಿನವರು ಜೀಪಲ್ಲಿ, ಬೈಕಲ್ಲಿ ಬಂದು ಸೇರಿದ್ರು. ಹೊಸ ಕ್ಯಾಮೆರಾ ನೋಡಿ ಎಲ್ಲರಿಗೂ ಖುಷಿ. ಒಬ್ಬೊಬ್ಬರೂ ಹೊಡೆಯೋದು, ಎದ್ದು ಬಂದು ಟ್ಯಾಬಿನ ಮೇಲೆ ಬಗ್ಗೋದು. ಲಾಡ್ಜಿನವರಂತೂ ಗುಂಡು ಹೊಡೆದು ಕೋವಿ ಕೆಳಗಿಡೋ ಮೊದಲೇ ಸ್ಕ್ರೀನ್ ಕಡೆ ತಿರುಗ್ತಿದ್ರು. ಯಾರೂ ಜಾಗ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ.

ನನ್ನ ಗೆಳೆಯ ಎಲ್ಲರದ್ದೂ ಮುಗೀಲಿ ಅಂತ ಕಾಯ್ತಾ ಕೂತಿದ್ದ. ನಾನೂ ಕಾಯ್ತಿದ್ದೆ. ಅವನಾದ ಮೇಲೆ ಹೊಡೀಬೇಕು ಅನ್ನೋದು ನನ್ನ ಹಳೇ ಹಠ. ಗುಳಿಗೆ ನುಂಗಿ ಅರ್ಧ ಗಂಟೆ ಆದ್ಮೇಲೆ ಹೊಡಿ ಅಂತ ಮಗಳು ಹೇಳಿದ್ಲು.

"ಹಂದಿ ನನ್ನ ಗುಳಿಗೆ ಟೈಮ್ ಕೇಳ್ಕೊಂಡು ಬರುತ್ತಾ?" ಅಂದ. ಆದ್ರೂ ಮಗಳ ಮಾತಿಗೆ ಗುಳಿಗೆ ನುಂಗ್ದ. ಅರ್ಧ ಗಂಟೇಲಿ ಕೈ ಸುಮ್ನಾಯ್ತು. ಬೆರಳು ಚಾಚಿ ನನಗೆ ತೋರಿಸ್ದ. ಅಡಿಕೆ ಸಿಪ್ಪೆ ತುಂಬಿದ ಚೀಲದ ಮೇಲೆ ಕೋವಿ ಇಟ್ಟು ಮಲಗಿದ. ಎಲ್ಲರೂ ಹತ್ರ ಬಂದು ನಿಂತ್ರು. ಅವನ ಕೈ ವಿಷಯ ಎಲ್ಲರಿಗೂ ಗೊತ್ತಿತ್ತು. ಎರಡು ಒಳಗೆ ಬಿದ್ರೆ ಕೋವಿ ಉಳೀತು. ಬೀಳದಿದ್ರೆ ಅವನ ಅಪ್ಪನ ಕಾಲದಿಂದ ಮನೇಲಿದ್ದ ಕೋವಿ ಹೋಯ್ತು. ಇಷ್ಟೇ.

ಮಗಳು ಟ್ಯಾಬನ್ನ ಮಡಿಲಲ್ಲಿ ಕವುಚಿ ಹಾಕ್ಕೊಂಡು ಅದರ ಮೇಲೆ ಎರಡೂ ಕೈ ಇಟ್ಕೊಂಡ್ಲು.

ಮೊದಲನೇ ಗುಂಡು. ಸದ್ದು ಹೋಗಿ ಗುಡ್ಡ ಮುಟ್ಟಿ ಬಂತು.

"ನಡುಮಧ್ಯ" ಅಂದ.

ಮಗಳು ತಿರುಗಿಸಿದ್ಲು. ಬೊಟ್ಟಿನ ಒಳಗೇ ಇತ್ತು, ಆದ್ರೆ ಕೆಳಗೆ, ಎಡಗಡೆ ಅಂಚಿಗೆ. ಒಳಗಂತೂ ಇದೆಯಲ್ಲ. ಲಾಡ್ಜಿನವರು "ಭೇಷ್" ಅಂದ್ರು. ಅವನು ಸ್ಕ್ರೀನನ್ನ ನೋಡ್ದ, ಬೋಲ್ಟ್ ಎಳೆದ.

ಎರಡನೇ ಗುಂಡು. ಹೊಡೆದ ತಕ್ಷಣ ಹಲ್ಲು ಕಚ್ಚಿ ತಲೆ ಆಡಿಸ್ದ. "ಹೋಯ್ತು. ಬಲಕ್ಕೆ. ಬೊಟ್ಟಿನ ಹೊರಗೆ."

ಮಗಳು ತಿರುಗಿಸಿದ್ಲು. ನಡುಮಧ್ಯ. ನಾನು ಹೊಡೆದ ಹಾಗೆ ನಡುಮಧ್ಯ.

ಜನ ಚಪ್ಪಾಳೆ ತಟ್ಟಿದ್ರು. ನಾನು ಎದ್ದು ಕುಣಿದೇಬಿಟ್ಟೆ. "ಎರಡು ಒಳಗೆ! ಮುಗೀತು ಮಾರಾಯ! ಏಳು, ಎದ್ದು ಚಾ ಕುಡಿ! ಮೂರನೇದು ಆ ಜೀರುಂಡೆಗೆ ಬಿಟ್ಟುಬಿಡು!"

ಅವನು ಏಳ್ಲಿಲ್ಲ. ಚೀಲಕ್ಕೆ ಕೆನ್ನೆ ಒತ್ಕೊಂಡು ಹಾಗೇ ಮಲಗಿದ್ದ. ಅವನ ಬೆನ್ನು ಏರಿಳಿಯೋದು ನನಗೆ ಕಾಣ್ತಿತ್ತು. "ಮೂರು ಅಂದ್ರೆ ಮೂರು" ಅಂದ.

ಮೂರನೇ ಗುಂಡಿಗೆ ಬಹಳ ಹೊತ್ತು ತಗೊಂಡ. ಹೊಡೆದ. ಈ ಸಲ ಅವನ ಮುಖ ಹಗುರ ಆಯ್ತು. "ಇದು ಸರಿ ಇದೆ. ಮಧ್ಯದಿಂದ ಕೂದಲೆಳೆಯಷ್ಟೂ ಆಚೆ ಹೋಗಿಲ್ಲ. ಇದು ನಂಗೆ ಗೊತ್ತು."

ಮಗಳು ತಿರುಗಿಸಿದ್ಲು. ಹಳೇ ಎರಡೇ ತೂತು. ಹೊಸದು ಇಲ್ಲ. "ಚಿತ್ರ ನಿಂತುಬಿಟ್ಟಿದೆ ಅಪ್ಪ" ಅಂದ್ಲು. ತಗ್ಗಿನಿಂದ ಮಂಜು ಎದ್ದು ಹಲಸಿನ ಮರದ ತನಕ ಬಂದಿತ್ತು. ಅವಳು ಎದ್ದು ಡಬ್ಬಿನ ಆ ಕಡೆ ತಿರುಗ್ಸಿದ್ಲು, ಈ ಕಡೆ ತಿರುಗ್ಸಿದ್ಲು.

"ನಾನು ಹೋಗಿ ನೋಡ್ಕೊಂಡು ಬರ್ತೀನಿ" ಅಂದೆ.

"ಕೂತ್ಕೋ" ಅಂದ ಅವನು. "ಬರುತ್ತೆ."

ನಾನು ಕೂತೆ. ಅಷ್ಟು ಜನ ಇದ್ರೂ ಹಳ್ಳದ ಸದ್ದು ಒಂದೇ ಕೇಳ್ತಿತ್ತು. ಇಷ್ಟು ವರ್ಷದಲ್ಲಿ ಅವನ ಗುಂಡು ಎಲ್ಲಿ ಬಿತ್ತು ಅಂತ ತಿಳಿಯಕ್ಕೆ ನಾನು ಕಾದಿದ್ದೇ ಇಲ್ಲ. ಯಾವಾಗ್ಲೂ ಗುಂಡಿಯೊಳಗೆ ನಾನೇ ಇರ್ತಿದ್ದೆ, ಕಾಯೋನು ಅವನು. ಕಾಯೋದು ಇಷ್ಟು ಕಷ್ಟ ಅಂತ ನಂಗೆ ಯಾರೂ ಹೇಳಿರ್ಲಿಲ್ಲ.

ಮಂಜು ಸರೀತು. ಸ್ಕ್ರೀನಲ್ಲಿ ಒಂದು ಸಣ್ಣ ಚಕ್ರ ಸುತ್ತಿ ಸುತ್ತಿ ನಿಂತು, ಚಿತ್ರ ಒಂದು ಸಲ ಅಲುಗಾಡಿ ತಿಳಿಯಾಯ್ತು. ಮೂರನೇ ತೂತು ಬೊಟ್ಟಿನ ಎಡಗಡೆ, ಬಿಳೀ ಜಾಗದಲ್ಲಿತ್ತು. ಅಂಚಿಂದ ಒಂದು ಗೇಣು ಆಚೆ.

ಯಾರಿಗೂ ಅದು ದೊಡ್ಡ ವಿಷಯ ಅನ್ನಿಸ್ಲಿಲ್ಲ. ಮೂರರಲ್ಲಿ ಎರಡು ಒಳಗೆ. ಲಾಡ್ಜಿನವರು ಬಂದು ಅವನ ಬೆನ್ನು ತಟ್ಟಿ, "ಪೂಜೆಗೆ ಒಳ್ಳೇ ಕುಂಕುಮ ತರ್ಸಿ" ಅಂದು ಜೀಪಿನ ಹತ್ರ ಚಾ ಕುಡಿಯಕ್ಕೆ ಹೋದ್ರು. ಉಳಿದವರೂ ಅವರ ಹಿಂದೆ ಹೋದ್ರು. ನಾವು ಮೂವರೇ ಉಳಿದ್ವಿ.

ಅವನು ಎದ್ದು ಕೂತು, ಕೋವಿಯಿಂದ ಬೋಲ್ಟ್ ಕಳಚಿ ಬಟ್ಟೆಯಲ್ಲಿ ಸುತ್ತಿದ. ಸುತ್ತಿ ಮಗಳ ಮುಂದೆ ಹಿಡಿದ. "ಇದನ್ನ ಇಟ್ಕೋ. ಈ ಕೋವಿ ನಿಂಗೆ ಬೇಕಾ? ಬೇಕಾದ್ರೆ ಲೈಸೆನ್ಸಿಗೆ ಅರ್ಜಿ ಹಾಕು."

ಅವಳಿಗೆ ಅರ್ಥ ಆಯ್ತು. ನನಗಿಂತ ಮೊದಲು ಆಯ್ತು. "ನಂಗೆ ಬೇಡ ಅಪ್ಪ. ಹಂದಿಗೆ ಸೋಲಾರ್ ಬೇಲಿ ಹಾಕ್ಸಿದೀನಲ್ಲ" ಅಂದ್ಲು. ಅಷ್ಟು ಹೇಳಿ ಬಟ್ಟೆ ಗಂಟನ್ನ ತಗೊಂಡ್ಲು.

"ಎಂತ ಮಾಡ್ತಿದೀಯ ನೀನು?" ಅಂದೆ. "ಗೆದ್ದಿದೀಯ ಮಾರಾಯ. ಕಟ್ಟುಪಾಡು ಏನು? ಎರಡು ಒಳಗೆ. ಎರಡು ಒಳಗಿದೆ. ಈ ಸಲ ನಾನು ಹಾಳೆ ಹಿಡಿದಿಲ್ಲ, ಪೆನ್ಸಿಲ್ ಮುಟ್ಟಿಲ್ಲ. ನೀನೇ ತಂದ ಕ್ಯಾಮೆರಾ ಹೇಳ್ತಿದೆ."

"ಹೊರಗೆ ಹೋಯ್ತು ಅಂತ ನಾನಂದೆ. ಒಳಗಿತ್ತು. ಒಳಗಿದೆ ಅಂತ ಆಣೆ ಮಾಡಕ್ಕೂ ತಯಾರಿದ್ದೆ. ಅದು ಒಂದು ಗೇಣು ಹೊರಗಿತ್ತು."

"ಗುಂಡು ಬಿದ್ದ ಜಾಗ ಮುಖ್ಯ. ನೀನು ಹೇಳಿದ ಜಾಗ ಯಾರಿಗೆ ಬೇಕು?"

"ಬೊಟ್ಟಿಗೆ ಬೇಡ" ಅಂದ. "ತೋಟದಲ್ಲಿ ಬೊಟ್ಟು ಇರಲ್ಲ. ಏಲಕ್ಕಿ ಗಿಡ ಇರುತ್ತೆ, ಅದರ ಹಿಂದೆ ಏನಿದೆ ಅಂತ ಗೊತ್ತಿರಲ್ಲ." "ನಮ್ಮ ಚಿಕ್ಕಪ್ಪನ ಕೈ ನಡುಗ್ತಿರ್ಲಿಲ್ಲ" ಅಂದ. "ಅವನ ಕೈ ಎಲ್ಲಿಗೆ ಹೋಗ್ತಿದೆ ಅಂತ ಅವನಿಗೆ ತಿಳೀತಿರ್ಲಿಲ್ಲ. ಅಷ್ಟೇ ಆಗಿದ್ದು."

ನಾನು ವಾದ ಮಾಡ್ದೆ. ಗಾಳಿ ಅಂದೆ, ತೋಟಾ ಹಳೇದು ಅಂದೆ, ಮುಂದಿನ ವರ್ಷ ಇನ್ನೊಂದು ಗುಳಿಗೆ ಬರುತ್ತೆ ಅಂದೆ. ನನಗೇ ನನ್ನ ಮಾತು ಕೇಳಕ್ಕೆ ಆಗ್ತಿರ್ಲಿಲ್ಲ. ನನಗೆ ಬೇಕಾಗಿದ್ದು ಅವನ ಕೋವಿ ಉಳಿಯೋದಲ್ಲ. ಭಾನುವಾರ ಬೆಳಗ್ಗೆ ಪಕ್ಕದಲ್ಲಿ ಮಲಗಕ್ಕೆ ಒಬ್ಬ ಬೇಕಾಗಿತ್ತು. ಎರಡನೇ ಸ್ಥಾನದೋನು ಇಲ್ಲದೆ ಮೊದಲನೇ ಸ್ಥಾನ ಇಟ್ಕೊಂಡು ಎಂತ ಮಾಡೋದು?

ಅವನು ಜಗಳ ಆಡ್ಲಿಲ್ಲ. ಗುಳಿಗೆ ಇಳೀತಾ ಬಂದಿತ್ತು. ಬಲಗೈ ಮತ್ತೆ ಶುರುವಾಯ್ತು. ಅದನ್ನ ಎಡಗೈಲಿ ಹಿಡ್ಕೊಂಡು, ಅಳೋ ಮಗುನ ಸಮಾಧಾನ ಮಾಡೋ ಹಾಗೆ, ಮಂಡಿ ಮೇಲೆ ಇಟ್ಕೊಂಡ.

ಅವತ್ತು ನಾನು ಹೊಡೀಲಿಲ್ಲ. ನನ್ನ ಮೂರು ಗುಂಡು ಹಾಗೇ ಉಳೀತು. ಕೇಳಿದೋರಿ‌ಗೆಲ್ಲ ಮಂಡಿ ನೋವು, ಮಲಗಕ್ಕಾಗಲ್ಲ ಅಂದೆ. ಯಾರೂ ನಂಬ್ಲಿಲ್ಲ. ನನ್ನ ಮಾತಿಗೆ ಅಷ್ಟೇ ಬೆಲೆ.

ಮಂಗಳವಾರ ಮೂವರೂ ಎನ್.ಆರ್.ಪುರದ ಸ್ಟೇಷನ್ನಿಗೆ ಹೋದ್ವಿ. ಮಗಳು ಜೀಪು ಓಡ್ಸಿದ್ಲು. ಕೋವಿ ಹಿಂದಿನ ಸೀಟಲ್ಲಿ, ಕಂಬಳಿ ಸುತ್ತಿ, ನಮ್ಮಿಬ್ಬರ ಮಧ್ಯ ಮಲಗಿತ್ತು. ದಾರೀಲಿ ಅವನು ಒಂದು ಸಲ ಕಂಬಳಿ ಜಾರಿದ್ದನ್ನ ಸರಿ ಮಾಡ್ದ, ಇನ್ನೊಂದು ಸಲ ನಾನು ಸರಿ ಮಾಡ್ದೆ.

ಸ್ಟೇಷನ್ನಿನ ದಾರಿ ನಮಗೆ ಹೊಸದಲ್ಲ. ಪ್ರತೀ ಎಲೆಕ್ಷನ್ನಿಗೆ ಮುಂಚೆ ಕೋವಿ ಇರೋರೆಲ್ಲ ತಂದು ಅಲ್ಲಿ ಇಡ್ಬೇಕು, ಫಲಿತಾಂಶ ಬಂದ ಮೇಲೆ ವಾಪಸ್ ತಗೊಂಡು ಹೋಗ್ಬೇಕು. ಆ ದಿನಗಳಲ್ಲಿ ಅಲ್ಲಿ ಸಂತೆ ಹಾಗಿರುತ್ತೆ. ನನ್ನ ಕೋವಿಗೆ ಹೂವಿನ ಹಾರ ಹಾಕಿ ಕರ್ಕೊಂಡು ಹೋಗಿ ಎಲ್ಲರನ್ನೂ ನಗಿಸಿದ್ದೂ ಉಂಟು. ಈಗ ಹೋದಾಗ ಅಂಗಳ ಖಾಲಿ ಇತ್ತು. ಮೇಜಿನ ಹಿಂದೆ ಕೂತಿದ್ದ ಪೊಲೀಸಿನವರು ಕಂಬಳಿ ನೋಡಿ ನಕ್ಕರು.

"ಎಲೆಕ್ಷನ್ ಇನ್ನೂ ದೂರ ಇದೆಯಲ್ಲ ಯಜಮಾನ್ರೇ, ಈಗ್ಲೇ ತಂದ್ರಲ್ಲ?"

"ಇದು ವಾಪಸ್ ತಗೊಂಡು ಹೋಗಕ್ಕಲ್ಲ" ಅಂದ ಅವನು.

ಪೊಲೀಸಿನವರು ನನ್ನ ಮುಖ ನೋಡಿದ್ರು. ಇದು ನನ್ನ ಯಾವುದೋ ಆಟ ಇರ್ಬೇಕು ಅಂತ ಕಾದ್ರು ಅನ್ಸುತ್ತೆ. ನಾನು ನೆಲ ನೋಡ್ದೆ. ಆಮೇಲೆ ಅವರು ಎದ್ದು ನಿಂತು, ಎರಡೂ ಕೈಲಿ ಕೋವಿ ತಗೊಂಡ್ರು. ಒಳಗೆ ಕೊಂಡೊಯ್ದು ಇಟ್ಟ ಸದ್ದು ಕೇಳ್ತು. ಮರಕ್ಕೆ ಮರ ತಾಗಿದ ಸಣ್ಣ ಸದ್ದು.

ಹೊರಗೆ ಬಂದ್ವಿ. ಮಗಳು ಬೇಕಂತ್ಲೇ ಮುಂದೆ ಹೋಗಿ ಜೀಪಿನ ಹತ್ರ ನಿಂತ್ಕೊಂಡ್ಲು. ರಸ್ತೆ ಆಚೆ ಹೋಟ್ಲಲ್ಲಿ ನಾವಿಬ್ಬರೇ ಚಾ ತಗೊಂಡ್ವಿ. ಅವನು ಅರ್ಧ ಲೋಟ ಕೇಳ್ಲಿಲ್ಲ, ಪೂರ್ತಿ ಕೇಳ್ದ. ಎರಡೂ ಕೈಲಿ ಹಿಡ್ಕೊಂಡ, ಸ್ವಲ್ಪ ಚೆಲ್ತು, ಚೆಲ್ಲಕ್ಕೆ ಬಿಟ್ಟ. ಅವನಿಗೆ ನಗು ಬರೋ ಹಾಗೆ ಏನಾದ್ರೂ ಹೇಳ್ಬೇಕು ಅಂತ ನಾನು ತಲೇಲಿ ಹುಡುಕ್ತಿದ್ದೆ. ಇಷ್ಟು ವರ್ಷ ಮೂರು ತಾಲೂಕನ್ನ ನಗಿಸಿದೋನಿಗೆ ಒಂದೂ ಸಿಗ್ಲಿಲ್ಲ.

ಅವನೇ ಬಾಯಿ ಬಿಟ್ಟ.

"ಬರೋ ಭಾನುವಾರ ಎಷ್ಟು ಹೊತ್ತಿಗೆ?"

"ಎಂತ ಎಷ್ಟು ಹೊತ್ತಿಗೆ?"

"ನಿನ್ನ ಮೂರು ಗುಂಡು ಬಾಕಿ ಇದೆ. ಆಯುಧಪೂಜೆ ಒಳಗೆ ಮುಗಿಸ್ಬೇಕಲ್ಲ."

"ಮಂಡಿ ನೋವು."

"ಮಂಡಿ ಕಥೆ ಶೃಂಗೇರಿಯವರಿಗೆ ಹೇಳು." ಲೋಟ ಕೆಳಗಿಟ್ಟು, ಪಂಚೆ ತುದೀಲಿ ಕೈ ಒರೆಸ್ಕೊಂಡ. "ಸ್ಕ್ರೀನು ನಾನು ಹಿಡೀತೀನಿ. ಕೈ ನಡುಗಿದ್ರೆ ಅದಕ್ಕೇನೂ ಆಗಲ್ಲ. ಕವುಚಿ ಹಿಡೀತೀನಿ. ಹೊಡೆದ ಮೇಲೆ ಜಾಗ ಹೇಳ್ಬೇಕು ನೀನು. ಬಸ್ಸು, ಮೂಗು ಅಂತೆಲ್ಲ ಹೇಳಂಗಿಲ್ಲ. ಸರಿಯಾಗಿ ಹೇಳ್ಬೇಕು."

ಗೋಡೆ ಕಡೆ ನೋಡ್ತಾ ನಾನು ಚಾ ಮುಗಿಸ್ದೆ. ನನ್ನ ಕೈ ನಡುಗಲ್ಲ. ಆದ್ರೆ ಈ ನಡುವೆ ಎಷ್ಟೋ ಸಲ ಹೊಡೆದ ಮೇಲೆ ಗುಂಡು ಎಲ್ಲಿಗೆ ಹೋಯ್ತು ಅಂತ ನನಗೆ ನಾನೇ ಕೇಳ್ಕೊಂಡಿದ್ದೇ ಇಲ್ಲ. ಹಾಗೆ ಕೇಳ್ಕೊಳ್ಳೋದು ಬೇಡ ಅಂತಲೇ ಬಾಯಿಗೆ ಬಂದಿದ್ದು ಹೇಳ್ತಿದ್ದೆನೋ ಏನೋ, ದೇವರಿಗೇ ಗೊತ್ತು.

"ಒಂಬತ್ತಕ್ಕೆ" ಅಂದೆ. "ಮಂಜು ಏಳೋ ಮೊದಲು."

"ಎಂಟೂವರೆಗೆ ಬಸರೀಕಟ್ಟೆಯಲ್ಲಿರ್ತೀನಿ" ಅಂತ ಹೇಳಿ ಅವನು ಎದ್ದು, ಚಾದ ದುಡ್ಡು ಕೊಡಕ್ಕೆ ಎಡಗೈಲಿ ಜೇಬು ತಡಕಾಡಕ್ಕೆ ಶುರು ಮಾಡ್ದ.